ಸೂಟ್‌ಕೇಸಿನಿಂದ ನೀರು ಇಳಿಯುವುದಿಲ್ಲ

ಕಾರು ಹತ್ತಿದರೆ ನನಗೆ ಹೊಟ್ಟೆ ತೊಳಸುತ್ತದೆ. ಬಸ್ಸಿನಲ್ಲಿ ಏನೂ ಆಗುವುದಿಲ್ಲ, ಕಾರಿನಲ್ಲಿ ಮಾತ್ರ. ಪತ್ರಿಕೆಯ ಪುರವಣಿಯವರು ‘ಬೀಜಾಡಿಯಲ್ಲಿ ಗಾಡಿ ಓಡಿಸುವ ಹೆಂಗಸೊಬ್ಬರಿದ್ದಾರಂತೆ, ಒಂದು ದಿನ ಜೊತೆಗಿದ್ದು ಬರೆದುಕೊಡಿ’ ಎಂದಾಗ ಇದನ್ನು ಹೇಳಲು ನಾಚಿಕೆಯಾಗಿ ತಲೆಯಾಡಿಸಿ ಬಂದಿದ್ದೆ. ಡೈರಿಗೆ ಮಾತ್ರ ಹೇಳಿಕೊಂಡಿದ್ದೇನೆ. ಇವತ್ತು ಕೋಟೇಶ್ವರದ ರಿಕ್ಷಾ ಸ್ಟ್ಯಾಂಡಿನಲ್ಲಿ ದಾರಿ ಕೇಳಿದರೆ, ‘ಓ, ಆ ಮೀನಿನ ವಾಸನೆಯ ಕಾರಾ?’ ಎಂದು ಒಬ್ಬರು ನಕ್ಕರು. ನಮ್ಮದು ದೇವಸ್ಥಾನದ ಹಿಂದಿನ ಬೀದಿಯ ಮನೆ, ಮೀನು ತಿನ್ನದವರು. ನನಗೇನಾದರೂ ವಾಂತಿ ಬಂದರೆ ಆಕೆ ಅದಕ್ಕೆ ಬೇರೆಯೇ ಅರ್ಥ ಮಾಡಿಕೊಂಡಾರು. ನನ್ನ ಹೆದರಿಕೆ ಅದೊಂದೇ.

ಭಾನುವಾರ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತೆಂಗಿನ ಮರಗಳ ನಡುವಿನ ಹೊಯಿಗೆ ಮರಳಿನ ಅಂಗಳದಲ್ಲಿ ಬೆಳ್ಳಿ ಬಣ್ಣದ ದೊಡ್ಡ ಕಾರೊಂದು ಎಲ್ಲ ಬಾಗಿಲು ತೆರೆದುಕೊಂಡು ಕಡಲಿಗೆ ಮುಖ ಮಾಡಿ ನಿಂತಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಮೋಹಿನಿಯವರು ಹಿಂದಿನ ಸೀಟಿನ ಕೆಳಗೆ ಅರ್ಧ ಮೈ ತೂರಿಸಿ ತಿಕ್ಕುತ್ತಿದ್ದಾರೆ. ಬಾಲ್ದಿಯಲ್ಲಿ ಅಂಟುವಾಳದ ನೊರೆ, ಪಕ್ಕದಲ್ಲಿ ಹಿಂಡಿ ಎಸೆದ ಲಿಂಬೆ ಹೋಳು. ಸೀಟುಗಳ ಸಂದಿಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಕಾಫಿಪುಡಿಯ ಗಂಟು, ಇದ್ದಿಲಿನ ಗಂಟು.

“ಹ್ವಾಯ್, ಪೇಪರಿನರಾ? ಬನ್ನಿ ಬನ್ನಿ. ಚಪ್ಲಿ ಹಾಯ್ಕಂಡೇ ಬನ್ನಿ, ಹೊಯ್ಗಿ ತಂಪಿತ್ತ್.” ತಲೆ ಹೊರಗೆ ಬರುತ್ತದೆ. ನಲವತ್ತೆಂಟರ ವಯಸ್ಸು, ಹಣೆಯ ಮೇಲೆ ನೊರೆ. “ಫೋಟೋ ತೆಗಿತ್ರಾ? ನಂದ್ ಬೇಡ, ಕಾರಿಂದ್ ತೆಗಿನಿ. ಅದೇ ಲಾಯ್ಕಿತ್ತ್ ಕಾಂಬುಕೆ.”

ಹೀಗೆ ತಿಕ್ಕುವುದಕ್ಕೆ ಕಾರಣವಿದೆ. ಕುಂದಾಪುರದಲ್ಲಿ ಟ್ರಾವೆಲ್ಸ್ ನಡೆಸುವ ಪ್ರೇಮಾನಂದ ಎಂಬವರು ಬಹಳ ದಿನಗಳ ಮೇಲೆ ಒಂದು ಬಾಡಿಗೆ ಹೇಳಿದ್ದಾರೆ. ನಾಲ್ವರು ಟೀಚರುಗಳನ್ನು ದಿನವೂ ಬ್ರಹ್ಮಾವರದ ಶಾಲೆಗೆ ಕರೆದೊಯ್ದು ಕರೆತರುವುದು. ನಾಳೆ ಒಂದು ದಿನ ಕೂತು ನೋಡುತ್ತಾರೆ. ಒಪ್ಪಿದರೆ ವರ್ಷವಿಡೀ ಇವರದೇ. ಒಪ್ಪದಿದ್ದರೆ ಈ ಕಾರು ಶಿರೂರಿನ ಒಣಮೀನಿನ ವ್ಯಾಪಾರಿಯೊಬ್ಬರಿಗೆ ಹೋಗುತ್ತದೆ. ಅವರು ಆಗಲೇ ಬಂದು ನೋಡಿ ಹೋಗಿದ್ದಾರೆ.

“ಅವ್ರಿಗೆ ವಾಸ್ನಿದ್ ಎಂತ ತಕರಾರಿಲ್ಲ,” ಎಂದು ಮೋಹಿನಕ್ಕ ನಗುತ್ತಾರೆ. ನಾನು ನಗಬೇಕೋ ಬೇಡವೋ ತಿಳಿಯದೆ ಬಾಲ್ದಿ ನೋಡುತ್ತೇನೆ.

ಇವರ ಗಂಡ ಅಣ್ಣಯ್ಯ ಮುಂಬೈಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದವರು. 1997ರಲ್ಲಿ ಇಬ್ಬರೂ ಊರಿಗೆ ಬಂದರು, ಒಂದು ಓಮ್ನಿ ತೆಗೆದುಕೊಂಡರು. ಆ ಕಾಲಕ್ಕೆ ಮೀನು ಮಾರುವ ಹೆಂಗಸರಿಗೆ ಇದ್ದ ದೊಡ್ಡ ಕಷ್ಟವೆಂದರೆ ಬಸ್ಸು. “ಹತ್ಸ್ಕಂತಿರ್ಲಿಲ್ಲ. ಹತ್ಸ್ಕಂಡ್ರೂ ಹಿಂದಿನ್ ಮೆಟ್ಲಂಗೆ ನಿಂತ್ಕಣ್ಕ್. ಕಂಡಕ್ಟರ್ ದುಡ್ಡ್ ಇಸ್ಕಂಬುಕೂ ಎರಡ್ ಬೆರ್ಳ್ ಮಾತ್ರ ಚಾಚ್ತಿದ್ದ.” ಅಣ್ಣಯ್ಯ ಓಮ್ನಿಯ ಹಿಂದಿನ ಸೀಟು ತೆಗೆಸಿ, ತಳದಲ್ಲಿ ತೂತು ಕೊರೆಸಿದರು. ಬುಟ್ಟಿಗಳಿಂದ ಇಳಿಯುವ ಐಸಿನ ನೀರು ಹಾಗೇ ರಸ್ತೆಗೆ ಬಿದ್ದುಹೋಗಲಿ ಎಂದು. ಸಂಜೆ ಹೊತ್ತು ಬೀಜಾಡಿಯ ಕಡಲ ಬದಿಯಲ್ಲಿ ಹೆಂಡತಿಗೂ ಓಡಿಸಲು ಕಲಿಸಿದರು. ಕಲಿಸಿ ಎರಡು ವರ್ಷಕ್ಕೆ ಸಕ್ಕರೆ ಕಾಯಿಲೆಯಿಂದ ತೀರಿಕೊಂಡರು.

ಮೋಹಿನಕ್ಕ ಒಬ್ಬರೇ ಗಾಡಿ ತೆಗೆದುಕೊಂಡು ಗಂಗೊಳ್ಳಿ ಬಂದರಿಗೆ ಹೋದ ಮೊದಲ ದಿನ ಗಂಡಸರು ಸಿಳ್ಳೆ ಹಾಕಿದರಂತೆ. “ಒಬ್ಬ ಕೇಂಡ, ‘ಬ್ರೇಕ್ ಯಾವ್ದ್ ಅಂದ್ ಗೊತ್ತಿತ್ತಾ?’ ‘ನೀನ್ ಅಡ್ಡ ಬಂದ್ ನಿಲ್ಲ್, ತೋರ್ಸ್ತೆ’ ಅಂದೆ.” ಅಂದಿನಿಂದ ಹತ್ತು ಹನ್ನೊಂದು ವರ್ಷ, ಬೆಳಗಾಗುವ ಮುಂಚೆ ಬಂದರಿಗೆ, ಅಲ್ಲಿಂದ ಆರು ಹೆಂಗಸರನ್ನೂ ಅವರ ಬುಟ್ಟಿಗಳನ್ನೂ ತುಂಬಿಕೊಂಡು ಹಾಲಾಡಿಯ ಕಡೆ. ದಾರಿಯ ಒಂದೊಂದು ಕೂಡುರಸ್ತೆಯಲ್ಲಿ ಒಬ್ಬೊಬ್ಬರು ಇಳಿಯುತ್ತಿದ್ದರು. ಬೇರೆ ಯಾರೂ ಆ ಗಾಡಿ ಹತ್ತುತ್ತಿರಲಿಲ್ಲ, ಇವರೂ ಹತ್ತಿಸಿಕೊಳ್ಳುತ್ತಿರಲಿಲ್ಲ. ಉಪ್ಪುನೀರು ಯಾವ ತಗಡನ್ನು ಬಿಟ್ಟೀತು? ಕೊನೆಕೊನೆಗೆ ಕಾಲ ಬುಡದಲ್ಲಿ ರಸ್ತೆ ಕಾಣುತ್ತಿತ್ತು.

ಹೊಸ ಗಾಡಿ ಬೇಕಾದ ಆ ದಿನಗಳಲ್ಲೇ, 2010ರಲ್ಲಿ, ಒಂದು ಭಾನುವಾರ ಇವರು ಟೀವಿಯ ಕಾರು ಕಾರ್ಯಕ್ರಮ ನೋಡಿದರು. ಮುಂಬೈಯಲ್ಲಿದ್ದವರಾದ್ದರಿಂದ ಹಿಂದಿ ಬರುತ್ತದೆ. ಕಪ್ಪು ಕನ್ನಡಕದ ಹುಡುಗನೊಬ್ಬ ಏಳು ಸೀಟಿನ ಬೆಳ್ಳಿ ಬಣ್ಣದ ಕಾರಿನ ಹಿಂದಿನ ಸೀಟು ಮಡಚಿದ, ನಾಲ್ಕು ಸೂಟ್‌ಕೇಸು ಇಟ್ಟ, ಬಾಗಿಲು ಮುಚ್ಚಿ ಅಂಗೈಯಿಂದ ಬಡಿದ. ಇಡೀ ಕುಟುಂಬಕ್ಕೆ, ಎಲ್ಲ ಕೆಲಸಕ್ಕೆ ಒಂದೇ ಕಾರು ಎಂದ. ಅವನ ಹಿಂದೆ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ.

“ನಮ್ ಮರವಂತೆ! ದಿನಾ ನಾ ಹೋಪು ರಸ್ತಿ! ಅಲ್ಲೇ ಓಡ್ಸಿ ಕಾಣ್ಸ್‌ರೆ ನಮ್ಗೇ ಹೇಳ್ದಂಗ್ ಆಯ್ತಲೆ? ಈ ರಸ್ತಿ, ಈ ಗಾಳಿ, ಈ ಉಪ್ಪ್ ಎಲ್ಲ ಕಂಡೇ ಹೇಳ್ತಿದ್ದ ಅಂದ್ ಎಣ್ಸಿದೆ.” ಕೈಯಲ್ಲಿದ್ದ ಚಿಂದಿಯನ್ನು ಹಿಂಡುತ್ತಾರೆ. “ಅಂವ ಬಂದದ್ದ್ ಕಡ್ಲ್ ಚಂದ ಅಂದೇಳಿ. ನಂಗೆ ಅದ್ ಅರ್ಥ ಆಪತಿಗೆ ತಡ ಆಯ್ತ್.”

ಅದೇ ಕಾರಿನ ಚಿತ್ರ ಪ್ರೇಮಾನಂದರ ಆಫೀಸಿನ ಮೇಜಿನ ಮೇಲಿದ್ದ ಇಂಗ್ಲಿಷ್ ಪತ್ರಿಕೆಯಲ್ಲೂ ಇತ್ತು, ಕೆಳಗೆ ಸಾಲಾಗಿ ನಕ್ಷತ್ರಗಳು. ಎರಡು ಕಡೆ ಒಳ್ಳೆಯದೆಂದ ಮೇಲೆ ಇನ್ನೇನು? ಮೈಮೇಲಿನ ಚಿನ್ನ, ಹಳೆಯ ಓಮ್ನಿ ಎರಡೂ ಹೋಗಿ ಈ ಕಾರು ಬಂತು. ಬೆಳಿಗ್ಗೆ ಮೀನು, ಮಧ್ಯಾಹ್ನದ ಮೇಲೆ ಕೊಲ್ಲೂರಿಗೋ ಮಂಗಳೂರು ವಿಮಾನ ನಿಲ್ದಾಣಕ್ಕೋ ಜನ ಎಂಬುದು ಲೆಕ್ಕ. “ಜನರನ್ನ್ ಕೂರ್ಸ್ಕಂಡ್ ಹೋಯ್ಕ್ ಅಂದ್ ನಂಗೂ ಆಸೆ ಇದ್ದಿತ್. ಇಳೀವತಿಗೆ ‘ಬತ್ತೆ ಮೋಹಿನಕ್ಕ’ ಅಂದ್ ಹೇಳಿ ಹೋಯ್ಕ್. ಅಷ್ಟೇ. ದೊಡ್ಡ್ ಆಸೆಯಾ ಅದ್?”

ಇಷ್ಟರಲ್ಲಿ ಪಕ್ಕದ ಮನೆಯ ರಾಜೀವಿಯವರು ಕೋಲು ಊರಿಕೊಂಡು ಬರುತ್ತಾರೆ. ಓಮ್ನಿಯ ಆರು ಹೆಂಗಸರಲ್ಲಿ ಹಿರಿಯರು. ಮಂಡಿ ನೋವು. “ಮತ್ತೂ ತೊಳಿತಿದ್ಯಾ? ಬಣ್ಣ ಹೋತ್ತ್ ಮಾರಾಯ್ತಿ,” ಎಂದು ಜಗಲಿ ಕಟ್ಟೆಯ ಮೇಲೆ ಕೂರುತ್ತಾರೆ. ಹೊಸ ಕಾರು ಬಂದ ದಿನ ಬುಟ್ಟಿ ಇಡಲು ಒಪ್ಪದೆ ನಿಂತವರು ಇವರೇ. “ದೇವ್ರ್ ಕೋಣಿ ಹಾಂಗೆ ಇತ್ತ್ ಕಾರ್. ಅದ್ರಂಗೆ ಬಂಗ್ಡೆ ಬುಟ್ಟಿ ಇಡುದಾ, ನಿಂಗೆ ಮರ್ಲಾ ಅಂದ್ ಕೇಂಡೆ. ಇವ್ಳ್ ಕೇಣ್ಲಿಲ್ಲ. ಇಡ್ದೆ ಇದ್ರೆ ಮಾತಾಡ್ತಿಲ್ಲೆ ಅಂದ್ಲ್.”

ಇಟ್ಟರು. ಬುಟ್ಟಿಯನ್ನು ಎದೆಯ ಮಟ್ಟಕ್ಕೆ ಎತ್ತಬೇಕು, ಹಿಂದಿನ ಅಂಚು ಅಷ್ಟು ಎತ್ತರ. ಕೆಳಗೆ ಟಾರ್ಪಾಲು ಹಾಸಿದರೂ ನೀರು ಅಂಚಿನಿಂದ ಇಳಿಯಿತು. ಇಳಿದದ್ದು ಹೋಗಲು ತೂತಿಲ್ಲ. ತಳಕ್ಕೆ ಅಂಟಿಸಿದ ಕಾರ್ಪೆಟ್ಟು, ಅದರಡಿ ಸ್ಪಂಜು, ಅದರಡಿ ವಯರುಗಳು. ಕೊರೆಯಬೇಡಿ, ಇಡೀ ಗಾಡಿ ನಿಂತುಹೋದೀತು ಎಂದ ಮೆಕ್ಯಾನಿಕ್. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಸ್ಪಂಜು ಪೂರ್ತಿ ಕುಡಿದಿತ್ತು. ಹೆಂಗಸರು ಬೇಸರದಿಂದಲೇ ಬೇರೆಯವರ ಟೆಂಪೊ ಗೊತ್ತು ಮಾಡಿಕೊಂಡರು. ಆ ಟೆಂಪೊವನ್ನು ಈಗ ಸಂಬಳಕ್ಕೆ ಓಡಿಸುವವರು ಮೋಹಿನಕ್ಕನೇ. ಇವತ್ತು ಕಾರು ತೊಳೆಯಲೆಂದು ರಜೆ ಹಾಕಿದ್ದಾರೆ. ಟೆಂಪೊದ ಮುಂದಿನ ಸೀಟಿನಲ್ಲಿ ಇಬ್ಬರಿಗೆ ಮಾತ್ರ ಜಾಗ, ಉಳಿದವರು ಮತ್ತೆ ಬಸ್ಸಿನ ಮೆಟ್ಟಿಲಿಗೆ.

“ಅಂವ ಇಟ್ಟದ್ದ್ ಸೂಟ್‌ಕೇಸ್,” ಎನ್ನುತ್ತಾರೆ ಮೋಹಿನಕ್ಕ. “ಸೂಟ್‌ಕೇಸಿಂದ ನೀರ್ ಇಳಿತಿಲ್ಲ ಅಲ್ದಾ.”

ಚಾ ಕುಡಿಯುವಾಗ ಒಳಗೆ ಟೀವಿ ಹಾಕುತ್ತಾರೆ. ಇಷ್ಟಾದ ಮೇಲೂ ಆ ಕಾರ್ಯಕ್ರಮ ತಪ್ಪಿಸುವುದಿಲ್ಲ. ಅದೇ ಹುಡುಗ, ಇವತ್ತು ಕೆಂಪು ಕಾರು. ಡ್ಯಾಶ್‌ಬೋರ್ಡನ್ನು ಗೆಣ್ಣಿನಿಂದ ತಟ್ಟಿ ತಟ್ಟಿ ನೋಡುತ್ತಾನೆ.

“ಎಂತ ಅದ್, ತೆಂಗಿನ್ಕಾಯಿ ಕಾಂಬುದಾ?” ರಾಜೀವಿಯವರ ಪ್ರಶ್ನೆ.

“ಗಟ್ಟಿ ಇತ್ತಾ ಅಂದ್ ಕಾಂತಿದ್ದ, ರಾಜೀವಕ್ಕ.”

“ಹಿಂದಿನ್ ಸೀಟಂಗೆ ಅವ್ನ್ ಹೆತ್ತ್ ಅಬ್ಬಿನ್ ಕೂರ್ಸಿ ಕೇಣುಕ್ ಹೇಳ್. ಇಳೀವತಿಗೆ ಮಂಡಿ ಎಂತ ಹೇಳ್ತ್ ಅಂದೇಳಿ.”

ಕಾರು ತಿರುವಿನಲ್ಲಿ ಧೂಳೆಬ್ಬಿಸಿ ಹೋಗುತ್ತದೆ. ಮೂವರೂ ನೋಡುತ್ತೇವೆ. ನಾನು ಇಲ್ಲಿಗೆ ಬರುವ ಮುಂಚೆ ಕುಂದಾಪುರದ ಗ್ರಂಥಾಲಯದಲ್ಲಿ ಕೂತು ಹಳೆಯ ಕಾರು ಪತ್ರಿಕೆಗಳನ್ನು ತಿರುವಿದ್ದೆ. ಎಷ್ಟು ಸೆಕೆಂಡಿಗೆ ನೂರರ ವೇಗ ಮುಟ್ಟುತ್ತದೆ, ಸ್ಟೇರಿಂಗಿನ ಚರ್ಮದ ಹೊಲಿಗೆ ಹೇಗಿದೆ, ಇಂಜಿನ್ನಿನ ದನಿ ಎಂಥದು. ತಲ್ಲೂರಿಗೂ ಹೆಮ್ಮಾಡಿಗೂ ನಡುವೆ ಬಸ್ಸಿನ ಹಿಂದೆ ಸಿಕ್ಕಿಕೊಂಡವರಿಗೆ ಆ ನೂರು ಯಾತಕ್ಕೆ? ಒದ್ದೆ ಕೊಡೆ ಎಲ್ಲಿಡುವುದು, ಕಡಲಗಾಳಿಗೆ ಬಾಗಿಲಿನ ಕೀಲು ಎಷ್ಟು ಕಾಲ ಬಾಳುತ್ತದೆ ಎಂದು ಕೇಳಿದವರು ನನಗೆ ಸಿಗಲಿಲ್ಲ. ಪರೀಕ್ಷೆಗೆ ಕೊಟ್ಟ ಕಾರು ಕೆಲವೇ ದಿನಗಳಲ್ಲಿ ಕಂಪನಿಗೆ ವಾಪಸು ಹೋಗುತ್ತದೆ. ಒಂದು ಮಳೆಗಾಲವನ್ನು ಅದರೊಳಗೆ ಕಳೆಯುವವರು ಬೇರೆ.

ಕಾರು ಪರೀಕ್ಷಿಸಿ ಹೇಳುವವರು ಸುಳ್ಳು ಹೇಳಿದರು ಎನ್ನಲಾರೆ. ನಾಲ್ಕು ಸೂಟ್‌ಕೇಸು ಹಿಡಿಯುತ್ತದೆ ಎಂದರು, ಹಿಡಿಯುತ್ತದೆ. ಅವರ ಕಣ್ಣ ಮುಂದಿದ್ದ ಕುಟುಂಬ ಯಾವುದೋ ದೊಡ್ಡ ಊರಿನದು, ರಜೆಗೆ ಹೊರಟದ್ದು. ಮರವಂತೆಯ ರಸ್ತೆಯಲ್ಲಿ ಬುಟ್ಟಿ ಹೊತ್ತು ನಿಂತವರು ಆ ಚಿತ್ರದ ಅಂಚಿನಿಂದ ಹೊರಗೆ. ನಮ್ಮ ಪುರವಣಿಯಲ್ಲೂ ಕಾರಿನ ಪುಟವಿದೆ, ಅದರ ಕೆಳಗೇ ಕಾರಿನ ಜಾಹೀರಾತೂ ಇರುತ್ತದೆ. ಆ ಪುಟದಲ್ಲಿ ಒಮ್ಮೆಯಾದರೂ ‘ಇದು ನಿಮಗೆ ಬೇಡ’ ಎಂಬ ಮಾತು ಓದಿದ ನೆನಪು ನನಗಿಲ್ಲ. ಮೋಹಿನಕ್ಕನಂಥವರಿಗೆ ಬೇಕಾಗಿದ್ದದ್ದು ಆ ಒಂದು ಮಾತು.

ಬಿಸಿಲೇರಿದ ಮೇಲೆ ಸೀಟು ಒಣಗುತ್ತದೆ. “ಬನ್ನಿ, ಒಂದ್ ಸುತ್ತ್ ಹೋಯಿ ಬಪ್ಪ,” ಎಂದು ಮುಂದಿನ ಬಾಗಿಲು ಹಿಡಿದು ನಿಲ್ಲುತ್ತಾರೆ. ನಾನು ಹತ್ತುತ್ತೇನೆ. ಮೊದಲು ಲಿಂಬೆ, ಆಮೇಲೆ ಕಾಫಿಪುಡಿ, ಊದುಬತ್ತಿ. ಅವೆಲ್ಲ ಒಂದರ ಹಿಂದೊಂದು ಸರಿದ ಮೇಲೆ ಅದು. ಹಸಿ ಮೀನಿನದಲ್ಲ. ಹಳೆಯದು, ಒದ್ದೆ ಗೋಣಿಯಂಥದ್ದು, ಕಾಲ ಬುಡದಿಂದ ಮೇಲೇಳುವಂಥದ್ದು.

ಅವರು ಚೆನ್ನಾಗಿ ಓಡಿಸುತ್ತಾರೆ. ಹೊಂಡ ಬಂದರೆ ನನಗೆ ಗೊತ್ತೇ ಆಗದಂತೆ ದಾಟಿಸುತ್ತಾರೆ. ತ್ರಾಸಿ ಬರುವಷ್ಟರಲ್ಲಿ ನನ್ನ ಬಾಯಲ್ಲಿ ನೀರು ಕೂಡುತ್ತದೆ. ಕಣ್ಣು ಮುಚ್ಚಿಕೊಳ್ಳುತ್ತೇನೆ. ಕಾರು ನಿಲ್ಲುತ್ತದೆ.

“ಎಂತ ಆಯ್ತ್ ಮಗಾ? ವಾಸ್ನಿಗಾ?”

“ಇಲ್ಲ ಮೋಹಿನಕ್ಕ, ನಂಗೆ ಯಾವ ಕಾರಂಗೂ ಹೀಂಗೇ.”

ಇದು ನಿಜ. ಆದರೆ ಪೂರ್ತಿ ನಿಜವಲ್ಲ. ಅವರ ಮುಖ ಎಷ್ಟು ಅರಳಿತೆಂದರೆ ನಾನು ಕಿಟಕಿಯಾಚೆ ನೋಡಬೇಕಾಯಿತು. ನೀರಿನ ಬಾಟಲಿ ಕೊಡುತ್ತಾರೆ, ಬೆನ್ನು ಸವರುತ್ತಾರೆ, ಕಡಲ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ವಾಪಸು ಬರುವಾಗ ದಾರಿಯುದ್ದಕ್ಕೂ ಮಾತಾಡುತ್ತಾರೆ. ಟೀಚರುಗಳಲ್ಲಿ ಯಾರು ಯಾವ ಸೀಟಿನಲ್ಲಿ ಕೂರಬಹುದು, ಹಾಡು ಹಾಕಬಹುದೋ, ತಾವು ನಾಳೆ ಯಾವ ಸೀರೆ ಉಡುವುದು. ನಾನು ಹೂಂ ಎನ್ನುತ್ತಾ ಕೂತಿರುತ್ತೇನೆ. ಒಂದೊಂದು ಹೂಂ ಕೂಡ ಆ ಟೀವಿಯ ಹುಡುಗ ಬಾಗಿಲು ಬಡಿದ ಹಾಗೆ ಕೇಳಿಸುತ್ತದೆ ನನಗೆ.

ಅಂಗಳಕ್ಕೆ ಬಂದು ಇಂಜಿನ್ ನಿಲ್ಲಿಸುತ್ತಾರೆ. ಆದರೆ ಇಳಿಯುವುದಿಲ್ಲ. ನಾಲ್ಕೂ ಕಿಟಕಿ ಏರಿಸುತ್ತಾರೆ.

“ಒಂದ್ ಗಳ್ಗಿ ಹೀಂಗೇ ಕೂಕಂಬ. ಒಂದ್ ಕೇಣ್ಕ್ ನಿಮ್ಮತ್ರ.”

ಹೊರಗೆ ಕಡಲಿನ ಸದ್ದು ಸಣ್ಣದಾಗುತ್ತದೆ. ಅವರು ನನ್ನನ್ನು ನೋಡುವುದಿಲ್ಲ, ಮೇಲಿನ ಕನ್ನಡಿಯಲ್ಲಿ ಖಾಲಿ ಹಿಂದಿನ ಸೀಟನ್ನು ನೋಡುತ್ತಾರೆ.

“ನನ್ ಮೂಗಿಗೂ ರಾಜೀವಕ್ಕನ್ ಮೂಗಿಗೂ ಇದ್ ಗೊತ್ತಾತಿಲ್ಲ. ಹುಟ್ಟಿದಾಗಿಂದ ಅದ್ರಂಗೇ ಇದ್ದರ್ ನಾವ್. ಪ್ರೇಮಾನಂದಣ್ಣನ್ ಹತ್ರ ಕೇಂಡ್ರೆ ‘ಎಂತ ಇಲ್ಲ ಮಾರಾಯ್ತಿ’ ಅಂತ್ರ್, ಕಡಿಗೆ ಫೋನೇ ಮಾಡ್ತ್ರಿಲ್ಲ. ಏರ್‌ಪೋರ್ಟಿಗೆ ಬಂದರೆಲ್ಲ ‘ಕಾರ್ ಲಾಯ್ಕಿತ್ತ್’ ಅಂದ್ ಇಳ್ದ್ ಹೋದ್ರ್. ಒಬ್ರೂ ಎರಡ್ನೇ ಸಲ ಬರ್ಲಿಲ್ಲ. ಬೈದಿದ್ರೆ ಅವತ್ತೇ ಮಾರ್ತಿದ್ದೆ. ಯಾರೂ ಬೈಲಿಲ್ಲ.”

ಕೈಚಾಚಿ ಆ ಕನ್ನಡಿಯನ್ನು ಸರಿಪಡಿಸುತ್ತಾರೆ.

“ನಾಳಿ ಆ ಟೀಚರ್‌ಗಳಲ್ಲಿ ಒಬ್ರ್ ಸೆರ್ಗ್ ಮೂಗಿಗೆ ಹಿಡ್ದ್ರೂ ನಂಗೆ ಈ ಕನ್ನಡಿಯಂಗೆ ಕಾಂತ್ತ್. ಬ್ರಹ್ಮಾವರದೊರೆಗೂ ಅದನ್ನ್ ಕಾಣ್ಕಂಡ್ ಓಡ್ಸ್ಕ್. ಬೇರೆ ಎಂತ ಬೇಕಾರೂ ತಡ್ಕಂತೆ, ಅದೊಂದ್ ನನ್ ಕೈಯಂಗೆ ಆತಿಲ್ಲ. ನೀವ್ ದೇವಸ್ಥಾನದ್ ಬೀದಿಯರ್ ಅಂದ್ ಪೇಪರಿನರ್ ಹೇಳಿದ್ರ್, ಮೀನ್ ತಿಂತ್ರಿಲ್ಲ, ನಿಮ್ ಮೂಗಿಗೆ ಗೊತ್ತಾತ್ತ್. ಇಲ್ಲ ಅಂದ್ರೆ ನಾಳಿ ಹೋತೆ. ಇತ್ತ್ ಅಂದ್ರೆ ಶಿರೂರಿನರಿಗೆ ಇವತ್ತೇ ಫೋನ್ ಮಾಡ್ತೆ. ಹೇಳಿ ಮಗಾ, ವಾಸ್ನಿ ಇತ್ತಾ?”

ನಾಲಗೆಯ ತುದಿಗೆ ಎಷ್ಟೋ ಮಾತುಗಳು ಬರುತ್ತವೆ. ಅಷ್ಟೇನಿಲ್ಲ. ಇನ್ನೆರಡು ದಿನ ಬಿಸಿಲಿಗಿಟ್ಟರೆ ಹೋಗಬಹುದು. ನನಗೆ ಶೀತ, ಗೊತ್ತಾಗುವುದಿಲ್ಲ. ಎಲ್ಲವೂ ಒಳ್ಳೆಯ ಮಾತುಗಳೇ. ಇವರಿಗೆ ಇಷ್ಟು ದಿನ ಎಲ್ಲರೂ ಹೇಳಿದ್ದು ಇಂಥವನ್ನೇ. ಸ್ಟೇರಿಂಗಿನ ಮೇಲಿರುವ ಅವರ ಬೆರಳುಗಳು ಅಂಟುವಾಳದಿಂದ ಬಿರಿದು ಬೆಳ್ಳಗಾಗಿವೆ.

“ಇತ್ತ್ ಮೋಹಿನಕ್ಕ,” ಎನ್ನುತ್ತೇನೆ. “ತುಂಬ ಇತ್ತ್.”