ಹೆಣವಲ್ಲ, ಅಂಗಿ

ಮೇಜಿನ ಡ್ರಾಯರ್ ತೆಗೆದರೆ ಚಿಮಣಿ ಎಣ್ಣೆಯ ವಾಸನೆ ಬರುತ್ತದೆ. ಬರಬಾರದು. ಒಳಗಿರುವ ಕಲ್ಲನ್ನು ದಾಂಡೇಲಿಯ ಗ್ಯಾರೇಜಿನಲ್ಲಿ ಆ ಎಣ್ಣೆಯಿಂದ ತೊಳೆದು ಮೂವತ್ತು ವರ್ಷವಾಯಿತು. ವಿಜ್ಞಾನ ಓದಿದವನಿಗೆ ಅಷ್ಟು ಗೊತ್ತಿರಬೇಕು. ಆದರೆ ನನ್ನ ಜೊತೆ ಮೂಗು ವಿಶ್ವವಿದ್ಯಾಲಯಕ್ಕೆ ಬಂದಿರಲಿಲ್ಲ. ಮೂಗೇ ಹೀಗೆ ಸುಳ್ಳು ಹೇಳಿದರೆ ನೆನಪಿನ ಸಾಕ್ಷಿಯನ್ನು ಎಷ್ಟು ನಂಬಬೇಕು, ನೀವೇ ಹೇಳಿ.

ಈ ಪ್ರಶ್ನೆ ಈ ವಾರವೇ ಕಾಡುವುದಕ್ಕೆ ಕಾರಣವಿದೆ. ನಾನು ಪಾಠ ಹೇಳಿದ ಕಾಲೇಜಿನವರು ತಮ್ಮ ವಾರ್ಷಿಕ ಸಂಚಿಕೆಗೆ ಲೇಖನ ಕೇಳಿದ್ದಾರೆ: ಆ ಕಲ್ಲಿನ ಗುಟ್ಟನ್ನು ನಾನು ಕಂಡುಹಿಡಿದ ಕಥೆ. ಪ್ರತಿ ಹೊಸ ತರಗತಿಗೂ ಹೇಳುತ್ತ ಬಂದ ಕಥೆ ಅದು. ಮೊದಲ ವಾಕ್ಯ ಬರೆದೆ: 'ಅದನ್ನು ಮೊದಲು ಗಮನಿಸಿದವನು ನಾನು.' ಪೆನ್ನು ಅಲ್ಲೇ ನಿಂತಿತು.

ಕಲ್ಲಿನಲ್ಲಿರುವುದು ಟ್ರೈಲೊಬೈಟ್. ಏಡಿ, ಚೇಳು, ಜಿರಲೆಗಳ ದೂರದ ಬಂಧು. ಸುಮಾರು ಐವತ್ತು ಕೋಟಿ ವರ್ಷ ಹಿಂದಿನ ಕಡಲಜೀವಿ. ನಮ್ಮ ಜೋಯಿಡಾ ಕಡೆ ಸಿಗುವುದಿಲ್ಲ, ಇಲ್ಲಿನ ಬಂಡೆಗಳು ಅದಕ್ಕಿಂತ ಎಷ್ಟೋ ಹಳೆಯವು. ನನ್ನ ಗುರುಗಳು ಪರದೇಶದಿಂದ ತಂದು ಕೊಟ್ಟದ್ದು. ಬೆನ್ನಿಗೆ ಉದ್ದುದ್ದಕ್ಕೆ ಮೂರು ಪಾಲು, ಸುಣ್ಣದ ಹರಳಿನ ಕಣ್ಣು, ಪ್ರತಿ ಕಾಲಿಗೂ ಎರಡು ಕವಲು: ಒಂದು ನಡೆಯಲು, ಇನ್ನೊಂದು ಉಸಿರಾಡಲು. ತಿನ್ನುವುದನ್ನು ತೊಡೆಗಳ ಸಂದಿಯಲ್ಲಿ ಅರೆದು ಬಾಯಿಗೆ ದಾಟಿಸುತ್ತಿತ್ತು. ಅಪಾಯ ಕಂಡರೆ ಮುದುಡಿ ಉಂಡೆಯಾಗುತ್ತಿತ್ತು. ಈ ಕೊನೆಯ ಅಭ್ಯಾಸವನ್ನು ನಮ್ಮ ವಿಭಾಗದ ಸಭೆಗಳಲ್ಲಿ ಜೀವಂತವಾಗಿಯೇ ನೋಡಿದ್ದೇನೆ.

ನನ್ನ ಕಲ್ಲಿನ ಜೀವಿಗೆ ತಲೆಚಿಪ್ಪಿನ ಎರಡೂ ಬದಿಯ ಕೆನ್ನೆಗಳಿರಲಿಲ್ಲ. ಅದಕ್ಕಾಗಿ ಒಂದು ಯುದ್ಧವನ್ನೇ ಕಟ್ಟಿದ್ದೆ. ಆ ಕಾಲದ ಕಡಲಿನಲ್ಲಿ ಒಬ್ಬ ದೊಡ್ಡ ಬೇಟೆಗಾರನಿದ್ದ. ಮುಖದ ಮುಂದೆ ಮುಳ್ಳಿನ ಎರಡು ಕೈ, ಅನಾನಸ್ ಹೋಳಿನಂಥ ದುಂಡು ಬಾಯಿ. ಪಂಡಿತರು ಬಹಳ ಕಾಲ ಅವನ ಕೈಯನ್ನು ಸಿಗಡಿ ಎಂದೂ ಬಾಯನ್ನು ಲೋಳೆಮೀನು ಎಂದೂ ತಿಳಿದು ಬೇರೆ ಬೇರೆ ಹೆಸರಿಟ್ಟಿದ್ದರು. ಸೈಲೆನ್ಸರು ಒಂದು ವಾಹನ, ಸೀಟು ಇನ್ನೊಂದು ವಾಹನ ಎಂದು ಯಾವ ಮೆಕ್ಯಾನಿಕ್ಕೂ ಹೇಳುವುದಿಲ್ಲ. ಇರಲಿ, ಆ ಬೇಟೆಗಾರನೇ ನನ್ನ ಬಡಪಾಯಿಯ ಕೆನ್ನೆ ಕಿತ್ತನೆಂಬುದು ನನ್ನ ಸಿದ್ಧಾಂತ.

ಅದನ್ನು ಶಾಲೆಯೊಂದರಲ್ಲಿ ಸಾರಲು ಹಳಿಯಾಳದಿಂದ ದಾಂಡೇಲಿಗೆ ಹೊರಟಾಗ ಸ್ಕೂಟರ್ ಕೈಕೊಟ್ಟಿತು. ಮೆಹಬೂಬಸಾಬರ ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. ಪ್ಲಗ್ ಹೋಗಿದೆ ಎಂದೆ. ಅವರು ಕಾರ್ಬುರೇಟರ್ ಬಿಚ್ಚಿದರು. ಕಾಯುವಾಗ ಸುಮ್ಮನಿರಲಾರದೆ ಯುದ್ಧದ ಕಥೆ ಹೇಳಿದೆ. ಅವರು ಕಲ್ಲನ್ನು ಇಸಿದುಕೊಂಡು ಬಿಡಿಭಾಗವೆಂಬಂತೆ ಎಣ್ಣೆಯಲ್ಲಿ ಅದ್ದಿ ಬ್ರಷ್ಷಿನಿಂದ ಉಜ್ಜಿದರು. ಆಮೇಲೆ ಕೇಳಿದರು:

"ಎರಡೂ ಬಾಜೂ ಒಂದ ನಮೂನಿ ಹೆಂಗ ಕಡಿತೈತ್ರಿ ಸರ್ರ? ಎಕ್ಸಿಡೆಂಟ್ ಆದ ಗಾಡಿ ಒಂದ ಬಾಜೂ ಚಪ್ಪಟಿ ಆಗತೈತಿ. ಇದು ನಟ್ಟ ಬಿಚ್ಚಿ ತಗದಂಗ ಐತಿ. ಕಾಳಿ ಹೊಳಿ ಏಡಿ ನೋಡೀರಿಲ್ಲ? ಚಿಪ್ಪ ಬಿಚ್ಚಿಟ್ಟು ಹೊರಗ ಬರತೈತಿ. ಇದು ಹೆಣಾ ಅಲ್ರೀ, ಅಂಗಿ."

ನಾನು ನಕ್ಕೆ. ಎಂ.ಎಸ್ಸಿ. ಮಾಡಿದವರ ನಗು ನಿಮಗೆ ಗೊತ್ತಲ್ಲ.

ಕೆಲವು ತಿಂಗಳ ಮೇಲೆ ಒಂದು ದಪ್ಪ ಪುಸ್ತಕ ಅದನ್ನೇ ಹೇಳಿತು. ತಲೆಚಿಪ್ಪಿನಲ್ಲಿ ಹೊಲಿಗೆಯಂಥ ಗೆರೆಗಳಿದ್ದವು. ಬೆಳೆಯುವಾಗ ಅಲ್ಲಿ ಕೆನ್ನೆಗಳು ಕಳಚಿ ಪ್ರಾಣಿ ಹೊರಬರುತ್ತಿತ್ತು. ನಮಗೆ ಸಿಗುವುದರಲ್ಲಿ ಎಷ್ಟೋ ಪಾಲು ಅದು ಬಿಟ್ಟುಹೋದ ಪೊರೆ. ಏಡಿ ಹಿಂದಕ್ಕೆ ಸರಿದು ಬಂದರೆ ಇದು ಮುಂದಕ್ಕೆ ನುಸುಳುತ್ತಿತ್ತು. ಆ ಒಂದು ವ್ಯತ್ಯಾಸದ ಬಲದ ಮೇಲೆ ಉಳಿದದ್ದನ್ನೆಲ್ಲ ನನ್ನದು ಮಾಡಿಕೊಂಡೆ. ಮೊದಲ ವರ್ಷ ತರಗತಿಯಲ್ಲಿ 'ಒಬ್ಬರು ಹೇಳಿದರು' ಎಂದಿದ್ದೆ. ಮರುವರ್ಷ 'ನಮಗೆ ಹೊಳೆಯಿತು'. ಆಮೇಲೆ 'ನಾನು'. ಹೇಳಿ ಹೇಳಿ ಈಗ ನಿಜಕ್ಕೂ ಅನುಮಾನ: ನಾನೇ ಕಂಡುಕೊಂಡದ್ದನ್ನು ವಿನಯದ ಚಟಕ್ಕೆ ಮೆಕ್ಯಾನಿಕ್ಕಿನ ಬಾಯಿಗೆ ಹಾಕಿದ್ದೆನೋ ಏನೋ.

ನಿನ್ನೆ ಕಲ್ಲನ್ನು ಚೀಲದಲ್ಲಿಟ್ಟುಕೊಂಡು ದಾಂಡೇಲಿಯ ಬಸ್ಸು ಹತ್ತಿದೆ. ಗ್ಯಾರೇಜು ಈಗ ಹೊಳೆಯಲ್ಲಿ ರಾಫ್ಟಿಂಗ್ ಮಾಡಿಸುವವರ ಎರಡು ಬೋರ್ಡುಗಳ ನಡುವೆ ಮುದುಡಿಕೊಂಡಿದೆ. ಮಗ ಕೆಲಸ ಮಾಡುತ್ತಾನೆ. ಮೆಹಬೂಬಸಾಬರು ಹೊರಗೆ ಕುರ್ಚಿಯಲ್ಲಿ ಕೂತು ಅವನ ತಪ್ಪು ಹುಡುಕುತ್ತಾರೆ. ನನ್ನನ್ನು ಕೂಡಲೇ ಗುರುತಿಸಿದರು.

"ಬರ್ರಿ ಸರ್ರ. ಪ್ಲಗ್ ಅಂದಿದ್ರಿ ನೀವು. ಕಾರ್ಬುರೇಟರ್ ಇತ್ತು."

ಕಲ್ಲಿನ ಮಾತೆತ್ತಿದೆ. ಯಾವ ಕಲ್ಲು ಎಂದು ಕೇಳಿದರು. ಅದನ್ನು ತೊಳೆದದ್ದೇ ಅವರಿಗೆ ನೆನಪಿಲ್ಲ. ಒಪ್ಪಿಕೊಳ್ಳುತ್ತೇನೆ, ನನಗೆ ಹಗುರವೆನಿಸಿತು. ಇದ್ದ ಒಬ್ಬನೇ ಸಾಕ್ಷಿ ನನ್ನನ್ನು ಖುಲಾಸೆ ಮಾಡಿದ್ದ. ಚಹಾ ಕುಡಿದು ಬಸ್ ಸ್ಟ್ಯಾಂಡಿಗೆ ಹೋಗಬಹುದಿತ್ತು. ಆದರೆ ಸಂಶಯಪಿಶಾಚಿಗೆ ಒಂದು ಕೆಟ್ಟ ಚಟ, ಪರೀಕ್ಷೆ ಮಾಡದೆ ಬಿಡುವುದಿಲ್ಲ. ಕಲ್ಲನ್ನು ಅವರ ಅಂಗೈಯಲ್ಲಿಟ್ಟೆ. ಯುದ್ಧದ ಮಾತಿಲ್ಲ, ಏಡಿಯ ಮಾತಿಲ್ಲ, ಅಂಗಿಯ ಮಾತಿಲ್ಲ, ಪುಸ್ತಕದ ಮಾತಿಲ್ಲ.

ಅವರು ಕನ್ನಡಕ ತೆಗೆದು ಕಲ್ಲನ್ನು ಕಣ್ಣಿನ ಹತ್ತಿರ ಹಿಡಿದರು. ಕೆನ್ನೆ ಇರಬೇಕಾಗಿದ್ದ ಅಂಚಿನಲ್ಲಿ ಹೆಬ್ಬೆರಳಿನ ಉಗುರು ಎಳೆದರು. ಒಂದು ಬದಿ, ಮತ್ತೆ ಇನ್ನೊಂದು ಬದಿ.

"ಇದರ ಮಾಲಕ ಎಲ್ಲಿ ಹೋದ್ನ್ರೀ?" ಎಂದರು. "ಅಂಗಿ ಬಿಚ್ಚಿಟ್ಟು ಹೋಗ್ಯಾನಲ್ಲ."

ಇವತ್ತು ಮತ್ತೆ ಡ್ರಾಯರ್ ತೆಗೆದೆ. ಅದೇ ವಾಸನೆ. ಈ ಸಲ ಮೂಗಿನೊಡನೆ ಜಗಳ ಆಡಲಿಲ್ಲ. ಬರೆದಿಟ್ಟಿದ್ದ ವಾಕ್ಯವನ್ನು ಹೊಡೆದುಹಾಕಿ ಕೆಳಗೆ ಬರೆದೆ: 'ಅದನ್ನು ಮೊದಲು ಗಮನಿಸಿದವರು ದಾಂಡೇಲಿಯ ಮೆಕ್ಯಾನಿಕ್ ಮೆಹಬೂಬಸಾಬರು. ನಾನು ನಕ್ಕಿದ್ದೆ.'