ಮಾಂಬಳ್ಳಿಯ ತಗ್ಗು ಗದ್ದೆ

ಯಳಂದೂರಿಗೆ ಹೊರಟ ಬಸ್ಸು ಮಾಂಬಳ್ಳಿ ಬಳಿ ಪಂಕ್ಚರಾಯಿತು. ಟೀ ಅಂಗಡಿಯ ಹಿಂದೆ, ಗದ್ದೆ ಇರಬೇಕಾದ ತಗ್ಗಿನಲ್ಲಿ ಬರೀ ನೀರು, ಜೊಂಡು, ಎಲ್ಲೆಲ್ಲೂ ಬೆಳ್ಳಕ್ಕಿ. "ಎಷ್ಟು ಚೆನ್ನಾಗಿದೆ!" ಎಂದೆ. ಟೀ ಕೊಟ್ಟ ಅಜ್ಜಿ ನಗಲಿಲ್ಲ.

"ನಮ್ ಗದ್ದೆ ಸಾ ಅದು. ಮಳೆಗಾಲ್ದಲ್ಲಿ ಒಳೆ ಉಕ್ಕಿ ಊರಿಗೇ ನುಗ್ತಿತ್ತು. ಊರೋರೆಲ್ಲ ಕೇಳ್ಕಂಡ್ರು, ಒಪ್ಕಂಡೆ. ಏರಿ ಒಡ್ದು ನೀರ ಇಲ್ಲಿಗೆ ಬುಟ್ರು. ಈಗ ಯಾರ್ ಮನೇಗೂ ನೀರು ಬರಾಕಿಲ್ಲ."

ನೀರಿನ ನಡುವೆ ಒಂದು ಕಲ್ಲಿನ ತಲೆ ಮಾತ್ರ ಕಾಣುತ್ತಿತ್ತು. ಅದು ಅವರ ಯಜಮಾನರ ಸಮಾಧಿಯಂತೆ. ಸ್ವಂತ ಗದ್ದೆಯಲ್ಲೇ ಮಣ್ಣು ಮಾಡುವುದು ಅವರ ಮನೆತನದ ಪದ್ಧತಿ.

"ಬತ್ತ ಕಾಯಕ್ಕೆ ದಿನಾ ಕವಣೆ ಇಡ್ಕಂಡು ಕೂರೋರು. ಒಂದ್ ಗುಬ್ಬೀನೂ ಇಳಿಯಾಕೆ ಬುಡ್ತಿರ್ನಿಲ್ಲ."

ಅಷ್ಟರಲ್ಲಿ ಬೆಳ್ಳಕ್ಕಿಯೊಂದು ಆ ಕಲ್ಲಿನ ಮೇಲೆ ಬಂದು ಕೂತಿತು. ಅಜ್ಜಿ ತಟ್ಟನೆ ಬಗ್ಗಿ ಮಣ್ಣಿನ ಹೆಂಟೆಯೊಂದನ್ನು ಎತ್ತಿಕೊಂಡರು. ಬೀಸಲು ಹೋದ ಕೈ ಹಾಗೇ ನಿಂತಿತು.

ಡ್ರೈವರು ಹಾರ್ನ್ ಹೊಡೆದ. ಹೆಂಟೆಯನ್ನು ಮೆಲ್ಲನೆ ಕೆಳಗಿಟ್ಟು ಅಜ್ಜಿ ಹೇಳಿದರು:

"ಕೂತ್ಕಳ್ಲಿ ಬುಡಿ ಸಾ. ನಾನಂತೂ ಅವ್ರ ಅತ್ರಕ್ಕೆ ಓಗಂಗಿಲ್ಲ."