ಮೀನಿನವಳ ಹಸಿರು ಬಳೆ

ಆ ಬೆಳಿಗ್ಗೆಯೂ ನನಗೆ ಮೊದಲು ಕಂಡದ್ದು ಟೀಚರರ ಕೈ. ಉರ್ವದ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ನಾನು ಬಟ್ಟೆ ಹರವುವ ಹೊತ್ತಿಗೆ ಮೇಲಿನ ಮನೆಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಯುತ್ತದೆ. ಗ್ರಿಲ್ಲಿನಿಂದ ಚಾಚಿದ ಮುಂಗೈ, ಉಗುರಿನ ಸಂದಿಯಲ್ಲಿ ಬೊಂಬೆಯ ಮಣ್ಣು, ಹೆಬ್ಬೆರಳ ಮೇಲೆ ಒಣಗಿದ ಅಂಟು. ಬುಟ್ಟಿಗೆ ಅವರ ಹಾಲಿನ ಪ್ಯಾಕೆಟ್ ಇಟ್ಟೆ.

"ಸಂಜೆ ಒಳ್ಳೆ ಸೀರೆ ಉಡು ಮಾರಾಯ್ತಿ. ನಿನ್ನನ್ನು ಸ್ಟೇಜಿಗೆ ಕರೀತೇನೆ," ಎಂದರು ಮೇಲಿನಿಂದ.

ಅತ್ತೆಗೆ ಗಂಜಿ, ಇವರಿಗೆ ಚಾ. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಸಂಜೆಯ ಟೀಚರರ ಸಿನಿಮಾ ಪ್ರದರ್ಶನದಲ್ಲಿತ್ತು. ಮಧ್ಯಾಹ್ನ ನಾನು ಮೇಲೆ ಹೋಗುವುದಕ್ಕೆ ಇವರು ಇಟ್ಟ ಹೆಸರು "ಬೊಂಬೆಯಾಟ". ಅದು ಕೆಲಸ ಎಂದು ಒಮ್ಮೆಯಾದರೂ ಟೀಚರರ ಬಾಯಿಂದಲೇ ಇವರು ಕೇಳಲಿ ಎಂದು ಅತ್ತೆಯನ್ನೂ ಹೊರಡಿಸಿದ್ದೆ.

ಕಾನ್ವೆಂಟಿನಲ್ಲಿ ನಮಗೆ ಡ್ರಾಯಿಂಗ್ ಕಲಿಸಿದವರು ಅವರು. ನಿವೃತ್ತಿಯ ಮೇಲೆ ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ, ಫೋಟೋ ತೆಗೆದು, ಮತ್ತೆ ಸರಿಸಿ, ಹಾಗೆ ಸಿನಿಮಾ ಮಾಡುವ ಹುಚ್ಚು ಹಿಡಿಯಿತು. ಉಳ್ಳಾಲದ ಮೀನಿನವಳೊಬ್ಬಳು ಬುಟ್ಟಿ ಹೊತ್ತು ಸಿಟಿ ಬಸ್ಸಿನ ಹಿಂದೆ ಓಡುವ ಕಥೆ. ಬೊಂಬೆಯ ಹಿಂದೆ ಹಸಿರು ಬಟ್ಟೆ. ಕಂಪ್ಯೂಟರ್ ಆ ಹಸಿರನ್ನು ತೆಗೆದು ರಸ್ತೆಯ ಚಿತ್ರ ಕೂರಿಸಬೇಕು. ಆದರೆ ಬೊಂಬೆಯ ಬಳೆಯೂ ಹಸಿರು! ಬಟ್ಟೆಯೊಂದಿಗೆ ಬಳೆಯೂ ಮಾಯವಾಗಿ, ಮಣಿಕಟ್ಟಿನಲ್ಲಿ ತೂತು ಬಿದ್ದು, ಅದರೊಳಗಿಂದ ರಸ್ತೆ ಕಾಣಿಸಿತು.

"ಕೆಂಪು ಬಳೆ ಹಾಕಿ ಪುನಃ ತೆಗೆಯುವಾ ಟೀಚರ್?"

"ಎಂತ ಹೇಳ್ತಿ ನೀನು? ಮೀನಿನವಳ ಕೈಯೇ ನೋಡಿಲ್ವಾ? ಬಳೆ ಹಸಿರೇ."

ಪುನಃ ತೆಗೆಯುವ ತ್ರಾಣ ಅವರಿಗಿರಲಿಲ್ಲ. ಹಾಗಾಗಿ ಒಂದೊಂದು ಚಿತ್ರದಲ್ಲೂ ಬಳೆಯ ಸುತ್ತ ಗೆರೆ ಎಳೆದು ಅದನ್ನು ವಾಪಸು ತರುವ ಕೆಲಸ ನನಗೆ ಬಂತು. ರೋಟೋ ಎನ್ನುತ್ತಾರೆ ಅದಕ್ಕೆ. ಮಳೆಗಾಲ ಹಿಡಿದು ಕ್ರಿಸ್ಮಸ್ಸಿನವರೆಗೆ ಕೂತೆ. "ಅಂಚು ನೋಡು, ಬಣ್ಣ ಆಮೇಲೆ," ಎಂದು ಶಾಲೆಯಲ್ಲಿ ಹೇಳಿದ್ದನ್ನೇ ಬೆನ್ನ ಹಿಂದೆ ನಿಂತು ಹೇಳುತ್ತಿದ್ದರು. ಬನ್ಸ್ ಮುರಿದರೆ ದೊಡ್ಡ ತುಂಡು ನನಗೆ.

ಸಂಜೆ ಹಾಲ್ ತುಂಬಿತ್ತು. ಸಿನಿಮಾ ಮುಗಿದ ಮೇಲೆ ನಿರೂಪಕಿ, "ಈ ವಯಸ್ಸಿನಲ್ಲಿ ಒಬ್ಬರೇ ಕೂತು ಮಾಡಿದ ಚಿತ್ರ!" ಎಂದಳು. ಟೀಚರ್ ಕೈ ಮುಗಿದು, ಹಸಿರು ಬಟ್ಟೆಯ ಮುಂದೆ ಬೊಂಬೆ ಸರಿಸಿದ ಕಥೆ ಹೇಳಿದರು. ಈಗ ತಿದ್ದುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಕಾಲೇಜು ಹುಡುಗಿಯೊಬ್ಬಳು ಎದ್ದಳು.

"ಮಿಸ್, ಹಿಂದೆ ಹಸಿರು ಬಟ್ಟೆ ಅಂದ್ರಿ. ಹಾಗಾದ್ರೆ ಹಸಿರು ಬಳೆ ಹೇಗೆ ಉಳೀತು?"

ನಾನು ಸೆರಗು ಸರಿ ಮಾಡಿಕೊಂಡೆ. ಇವರು ನನ್ನ ಕಡೆ ತಿರುಗಿದರು. ಟೀಚರ್ ಕೂಡ ನನ್ನನ್ನೇ ನೋಡಿದರು, ನೋಡಿಯೇ ಹೇಳಿದರು:

"ಅದಾ? ಅದೆಲ್ಲ ಈಗ ಕಂಪ್ಯೂಟರೇ ಮಾಡ್ತದೆ ಮಗಾ."

ಚಪ್ಪಾಳೆ. ಅತ್ತೆಯೂ ತಟ್ಟಿದರು.

ಆಮೇಲೆ ಚಾ ಕುಡಿಯುವಾಗ ಟೀಚರ್ ನನ್ನ ಬಳಿ ಬಂದು ಮೊಣಕೈ ಹಿಡಿದರು. "ನಿನಗೆ ಸ್ಟೇಜ್ ಅಂದ್ರೆ ಹೆದರಿಕೆ ಅಲ್ವಾ, ಅದಕ್ಕೇ ಕರೀಲಿಲ್ಲ."

"ಪರವಾಗಿಲ್ಲ ಟೀಚರ್," ಎಂದೆ. ಕಾನ್ವೆಂಟಿನಲ್ಲಿ ನಮಗೆ ಬೇರೆ ಉತ್ತರ ಕಲಿಸಿರಲಿಲ್ಲ.

ಆ ದಿನದ ನಂತರ ನಾನು ಮೇಲೆ ಹೋಗಿಲ್ಲ. ಆದರೆ ಅವರು ಕೊಟ್ಟ ಕಣ್ಣು ನನ್ನಲ್ಲೇ ಉಳಿದಿದೆ. ಬಂಗುಡೆ ಮೀನು ಹೆಚ್ಚಲು ಕೂತರೆ ಬೆನ್ನಿನ ನೀಲಿ ಎಲ್ಲಿ ಮುಗಿಯಿತು, ಹೊಟ್ಟೆಯ ಬೆಳ್ಳಿ ಎಲ್ಲಿ ಶುರುವಾಯಿತು ಎಂದು ನೋಡುತ್ತಾ ಕೈ ನಿಲ್ಲುತ್ತದೆ. ಸಿಟ್ಟು ಬಂತೆಂದು ಅದನ್ನು ವಾಪಸು ಕೊಡಲು ಬರುವುದಿಲ್ಲ.

ಆ ಸಂಜೆ ಲಿಫ್ಟಿನಲ್ಲಿ ಇವರು ನಮ್ಮ ಮಾಳಿಗೆಯ ಗುಂಡಿ ಒತ್ತಿದರು. ನಮ್ಮ ಜೊತೆಗೇ ಸಿನಿಮಾ ನೋಡಿ ಬಂದ ಎದುರು ಮನೆಯಾಕೆ ಬ್ಯಾಗಿನಲ್ಲಿ ಬೀಗದ ಕೈ ಹುಡುಕುತ್ತಾ ಹೇಳಿದರು:

"ಪಾಪ, ಟೀಚರ್ ಒಬ್ಬರೇ ಎಷ್ಟು ಕಷ್ಟಪಟ್ಟಿದ್ದಾರೆ ಅಲ್ವಾ? ನೀವು ದಿನಾ ಅಲ್ಲೇ ಇರ್ತಿದ್ರಲ್ಲ, ಸ್ವಲ್ಪ ಸಹಾಯ ಮಾಡಬಹುದಿತ್ತು."